ಮೈದಾನದ ಗುರು

ಸಂಗೀತಗಾರನ ಕಂಠ ಅರವತ್ತರಲ್ಲಿಯೂ ಪಕ್ವವಾಗುತ್ತಲೇ ಇರಬಹುದು. ಕವಿಯ ಲೇಖನಿ ಎಪ್ಪತ್ತರಲ್ಲಿಯೂ ಹೊಸ ಮಾತನ್ನು ಹುಟ್ಟಿಸಬಹುದು. ಆದರೆ ಆಟಗಾರನ ಸ್ಥಿತಿ ಹಾಗಲ್ಲ. ಅವನ ವಿದ್ಯೆ ನೆಲೆಸಿರುವುದು ಅವನ ದೇಹದಲ್ಲಿ. ಮೂವತ್ತರ ಗಡಿ ದಾಟುತ್ತಿದ್ದಂತೆ ಓಟದ ಬಿರುಸು ಇಳಿಯುತ್ತದೆ. ಹಳೆಯ ಗಾಯಗಳು ಮತ್ತೆ ಮತ್ತೆ ಕಾಡತೊಡಗುತ್ತವೆ. ನಿನ್ನೆಯವರೆಗೆ ಜಯಘೋಷ ಮಾಡುತ್ತಿದ್ದ ಜನ ಇಂದು ಮತ್ತೊಬ್ಬನ ಹೆಸರನ್ನು ಕೂಗುತ್ತಾರೆ. ಹದಿನೈದು ಇಪ್ಪತ್ತು ವರ್ಷಗಳ ಕಾಲ ಬೆವರು ಸುರಿಸಿ ಗಳಿಸಿದ ವಿದ್ಯೆಯೆಲ್ಲ ಆಗ ಎಲ್ಲಿಗೆ ಹೋಗಬೇಕು? ಕೆಲವರು ಅದನ್ನು ನೆನಪಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಮತ್ತೆ ಕೆಲವರು ಅದನ್ನು ಕಿರಿಯರ ಕಾಲುಗಳಿಗೆ ಧಾರೆಯೆರೆದು ಕೊಡುತ್ತಾರೆ. ಈ ಎರಡನೆಯ ದಾರಿಯನ್ನು ಹಿಡಿದು, ಆಟಗಾರನಾಗಿ ಗಳಿಸಿದ ಕೀರ್ತಿಗೆ ಸರಿಸಮನಾದ ಕೀರ್ತಿಯನ್ನು ಗುರುವಾಗಿಯೂ ಗಳಿಸಿದವರು ಪ್ರದೀಪ್ ಕುಮಾರ್ ಬ್ಯಾನರ್ಜಿ. ಭಾರತದ ಕ್ರೀಡಾಲೋಕ ಅವರನ್ನು ‘ಪಿ. ಕೆ.’ ಎಂಬ ಎರಡೇ ಅಕ್ಷರಗಳಿಂದ ಬಲ್ಲದು.

ಪಿ. ಕೆ. ಹುಟ್ಟಿದ್ದು 1936ರ ಜೂನ್ 23ರಂದು, ಬಂಗಾಳದ ಉತ್ತರಭಾಗದಲ್ಲಿರುವ ಜಲ್ಪಾಯಿಗುರಿ ಜಿಲ್ಲೆಯ ಮೊಯ್ನಾಗುರಿಯಲ್ಲಿ. ಹಿಮಾಲಯದ ತಪ್ಪಲಿಗೆ ಹತ್ತಿರವಾದ, ಚಹಾ ತೋಟಗಳ ಸೀಮೆ ಅದು. ಮೊದಲು ಜಲ್ಪಾಯಿಗುರಿಯ ಜಿಲ್ಲಾ ಶಾಲೆಯಲ್ಲಿ ಓದಿದ ಬಾಲಕ, ಅನಂತರ ಉಕ್ಕಿನ ಕಾರ್ಖಾನೆಯ ಊರಾದ ಜಮ್‌ಷೆಡ್‌ಪುರದ ಶಾಲೆಗೆ ಸೇರಿದನು. ಓದಿನ ಜೊತೆಯಲ್ಲಿ ಕಾಲ್ಚೆಂಡಾಟದ ಹುಚ್ಚು ಬೆಳೆಯಿತು. ಹದಿನೈದನೆಯ ವಯಸ್ಸಿಗೇ ಸಂತೋಷ್ ಟ್ರೋಫಿ ಪಂದ್ಯಾವಳಿಯಲ್ಲಿ ಬಿಹಾರ ರಾಜ್ಯದ ಪರವಾಗಿ ಆಡುವ ಅವಕಾಶ ಒದಗಿತು. ರಾಜ್ಯ ರಾಜ್ಯಗಳ ನಡುವೆ ನಡೆಯುವ ಆ ಪಂದ್ಯಾವಳಿಯಲ್ಲಿ, ತನಗಿಂತ ಎಷ್ಟೋ ಹಿರಿಯರಾದ ಕಟ್ಟುಮಸ್ತಾದ ಆಟಗಾರರ ನಡುವೆ ಈ ಶಾಲಾಬಾಲಕ ನುಸುಳಿ ಓಡುವುದನ್ನು ಕಂಡವರು ಅವನ ಮುಂದಿನ ದಿನಗಳನ್ನು ಅಂದೇ ಊಹಿಸಿರಬೇಕು.

ಅವನು ಆಡುತ್ತಿದ್ದದ್ದು ಬಲ ಅಂಚಿನ ಮುನ್ನಡೆ ಆಟಗಾರನಾಗಿ. ಮೈದಾನದ ಬಲಗಡೆಯ ಗೆರೆಗುಂಟ ಚೆಂಡನ್ನು ಕೊಂಡೊಯ್ಯುವುದು, ಎದುರಾಳಿಯ ರಕ್ಷಕನನ್ನು ಓಟದಲ್ಲಿ ಹಿಂದೆ ಹಾಕುವುದು, ಅಲ್ಲಿಂದ ಚೆಂಡನ್ನು ಗೋಲಿನ ಮುಂದಕ್ಕೆ ಒದಗಿಸುವುದು ಈ ಸ್ಥಾನದವನ ಕೆಲಸ. ಅನೇಕ ವೇಳೆ ಗೋಲು ಹೊಡೆದ ಕೀರ್ತಿ ನಡುವೆ ನಿಂತವನದು. ಅದಕ್ಕೆ ದಾರಿ ಮಾಡಿಕೊಟ್ಟ ಶ್ರಮ ಅಂಚಿನವನದು. ಆದರೆ ಪಿ. ಕೆ. ಅವರ ಬಲಗಾಲಿನ ಒದೆತಕ್ಕೆ ಇನ್ನೊಂದು ಗುಣವಿತ್ತು. ಅಂಚಿನಿಂದ ಒಳಕ್ಕೆ ತಿರುಗಿ, ದೂರದಿಂದಲೇ ಅವರು ಬೀಸಿ ಹೊಡೆದ ಚೆಂಡು ಗುಂಡಿನಂತೆ ಹಾರಿ ಬಲೆಯನ್ನು ಸೇರುತ್ತಿತ್ತು. ವೇಗ ಮತ್ತು ಒದೆತ ಇವೆರಡೂ ಒಂದೆಡೆ ಸೇರಿದ್ದರಿಂದ, ಅವರನ್ನು ತಡೆಯಲು ನಿಂತ ರಕ್ಷಕನಿಗೆ ಸದಾ ಸಂದೇಹ: ಇವನು ಓಡುವನೋ, ಹೊಡೆಯುವನೋ?

1954ರಲ್ಲಿ ಪಿ. ಕೆ. ಕಲ್ಕತ್ತೆಗೆ ಬಂದು ಆರ್ಯನ್ ಕ್ಲಬ್ಬನ್ನು ಸೇರಿದರು. ಅಂದಿಗೂ ಇಂದಿಗೂ ಭಾರತದಲ್ಲಿ ಫುಟ್‌ಬಾಲಿನ ತವರು ಆ ನಗರ. ಅಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್ಬುಗಳು. ಒಂದೊಂದಕ್ಕೂ ಲಕ್ಷಾಂತರ ಮಂದಿ ಅಭಿಮಾನಿಗಳು. ಆ ತಂಡಗಳ ಅಂಗಿ ತೊಡುವುದೆಂದರೆ ಯುವಕರ ಪಾಲಿಗೆ ಅತ್ಯುನ್ನತ ಗೌರವ. ಆದರೆ ಆ ಕಾಲದ ನಮ್ಮ ದೇಶದಲ್ಲಿ ಆಟವನ್ನೇ ನೆಚ್ಚಿ ಬದುಕುವುದು ಸುಲಭವಾಗಿರಲಿಲ್ಲ. ರೈಲ್ವೆ, ಪೊಲೀಸ್, ಸೈನ್ಯ, ಕಾರ್ಖಾನೆ ಮೊದಲಾದ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟು, ತಮ್ಮ ತಂಡಗಳಲ್ಲಿ ಆಡಿಸುತ್ತಿದ್ದವು. ತಿಂಗಳ ಸಂಬಳವೇ ಆಟಗಾರನಿಗೆ ಆಧಾರ. ಚಿಕ್ಕ ವಯಸ್ಸಿನಲ್ಲಿಯೇ ದೊಡ್ಡ ಸಂಸಾರದ ಹೊಣೆ ಹೊತ್ತ ಪಿ. ಕೆ. ಈಸ್ಟರ್ನ್ ರೈಲ್ವೆಯ ನೌಕರಿಗೆ ಸೇರಿದರು. ಮುಂದೆ ಆಟದಿಂದ ನಿವೃತ್ತರಾಗುವವರೆಗೂ ಅವರು ಆ ತಂಡವನ್ನು ಬಿಡಲಿಲ್ಲ. ದೇಶದ ಶ್ರೇಷ್ಠ ಆಟಗಾರರಲ್ಲಿ ಒಬ್ಬರಾಗಿದ್ದರೂ ಮೋಹನ್ ಬಾಗಾನಿನ ಪರವಾಗಿಯಾಗಲಿ ಈಸ್ಟ್ ಬೆಂಗಾಲಿನ ಪರವಾಗಿಯಾಗಲಿ ಅವರು ಆಡಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಸ್ವಾರಸ್ಯ ತಿಳಿಯುತ್ತದೆ.

ದೊಡ್ಡ ಕ್ಲಬ್ಬಿನಲ್ಲಿಲ್ಲದವನು ದೊಡ್ಡದನ್ನು ಸಾಧಿಸಲಾರನೆಂಬ ಭಾವನೆಗೆ 1958ರಲ್ಲಿ ಉತ್ತರ ದೊರೆಯಿತು. ಆ ವರ್ಷದ ಕಲ್ಕತ್ತಾ ಲೀಗ್ ಪ್ರಶಸ್ತಿಯನ್ನು ಈಸ್ಟರ್ನ್ ರೈಲ್ವೆ ಗೆದ್ದುಕೊಂಡಿತು. ಮೂರು ದೊಡ್ಡ ಕ್ಲಬ್ಬುಗಳನ್ನು ಹಿಂದಿಕ್ಕಿ ಹೊರಗಿನ ತಂಡವೊಂದು ಈ ಲೀಗನ್ನು ಮತ್ತೊಮ್ಮೆ ಗೆಲ್ಲಲು 2019ರವರೆಗೆ, ಎಂದರೆ ಅರವತ್ತೊಂದು ವರ್ಷಗಳ ಕಾಲ, ಕಾಯಬೇಕಾಯಿತು. ಆ ಗೆಲುವಿನ ತೂಕ ಎಷ್ಟೆಂಬುದು ಇದರಿಂದಲೇ ತಿಳಿಯುತ್ತದೆ.

ಇಷ್ಟರಲ್ಲಿ ಪಿ. ಕೆ. ಭಾರತ ತಂಡದ ಆಟಗಾರರೂ ಆಗಿದ್ದರು. ಸ್ವಾತಂತ್ರ್ಯೋತ್ತರ ಭಾರತದ ಫುಟ್‌ಬಾಲಿನ ಪಾಲಿಗೆ ಅದು ಸುವರ್ಣಕಾಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತ, ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿತು. ಆ ಪಂದ್ಯದಲ್ಲಿ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲಿನಲ್ಲಿ ಉಪಾಂತ್ಯ ಪಂದ್ಯವನ್ನು ಮುಟ್ಟಿದ ಏಷ್ಯದ ಮೊದಲ ದೇಶ ಎಂಬ ಹಿರಿಮೆ ಭಾರತಕ್ಕೆ ಬಂದಿತು. ಕೊನೆಗೆ ದೊರೆತದ್ದು ನಾಲ್ಕನೆಯ ಸ್ಥಾನ. ನಾಲ್ಕು ವರ್ಷಗಳ ಅನಂತರ, 1960ರ ರೋಮ್ ಒಲಿಂಪಿಕ್ಸಿಗೆ ಹೋದ ಭಾರತ ತಂಡಕ್ಕೆ ಪಿ. ಕೆ. ಅವರೇ ನಾಯಕರು. ಬಲಿಷ್ಠ ಹಂಗೆರಿಗೆ ಭಾರತ ಒಂದೇ ಗೋಲಿನ ಅಂತರದಿಂದ ಸೋತಿತು. ಫ್ರಾನ್ಸಿನ ಎದುರು ನಾಯಕನೇ ಗೋಲು ಹೊಡೆದು ಮುನ್ನಡೆ ತಂದುಕೊಟ್ಟರು; ಫ್ರಾನ್ಸ್ ಅದನ್ನು ಸರಿಗಟ್ಟಿ 1–1ರಲ್ಲಿ ಪಾರಾಯಿತು. 1961ರಲ್ಲಿ ಕೇಂದ್ರ ಸರ್ಕಾರ ಅರ್ಜುನ ಪ್ರಶಸ್ತಿಯನ್ನು ಸ್ಥಾಪಿಸಿದಾಗ, ಅದನ್ನು ಪಡೆದ ಮೊದಲ ಫುಟ್‌ಬಾಲ್ ಆಟಗಾರ ಪಿ. ಕೆ. ಬ್ಯಾನರ್ಜಿ.

ಈ ತಂಡವನ್ನು ರೂಪಿಸಿದ ಶಿಲ್ಪಿ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರು ಮೊದಲು ಶಾಲಾ ಉಪಾಧ್ಯಾಯರಾಗಿದ್ದವರು. ಅನಂತರ ಹೈದರಾಬಾದ್ ಪೊಲೀಸ್ ತಂಡಕ್ಕೂ ಭಾರತ ತಂಡಕ್ಕೂ ತರಬೇತುದಾರರಾದರು. ಆದರೆ ಉಪಾಧ್ಯಾಯಿಕೆ ಅವರನ್ನು ಬಿಟ್ಟು ಹೋಗಲಿಲ್ಲ. ಆಟಗಾರರು ಚೆಂಡನ್ನು ತಮ್ಮಲ್ಲಿಯೇ ಇಟ್ಟುಕೊಂಡು ಚಮತ್ಕಾರ ತೋರಿಸುವ ಚಪಲವನ್ನು ಬಿಡಿಸಲು, ಚೆಂಡನ್ನು ಕೂಡಲೇ ಜೊತೆಗಾರನಿಗೆ ಕೊಡಲೇಬೇಕೆಂಬ ನಿಯಮವಿರುವ ಪಂದ್ಯಗಳನ್ನು ಅವರು ನಡೆಸುತ್ತಿದ್ದರು. ಬಲಗಾಲನ್ನೇ ನೆಚ್ಚಿದವರು ಎಡಗಾಲಿನಿಂದ ಮಾತ್ರ ಒದೆಯಬೇಕೆಂಬ ಪಂದ್ಯಗಳೂ ಇರುತ್ತಿದ್ದವು. ಬಲ್ಲದ್ದನ್ನು ಮೆರೆಸುವುದಕ್ಕಿಂತ ಬಾರದ್ದನ್ನು ಕಲಿಯುವುದು ಮುಖ್ಯವೆಂಬುದು ಆ ಮೇಷ್ಟರ ನೀತಿ. ಪಿ. ಕೆ. ಅವರ ಆಟದಲ್ಲಿ ಮಾತ್ರವಲ್ಲ, ಅವರ ಮುಂದಿನ ಬಾಳಿನಲ್ಲಿಯೂ ರಹೀಮರ ಮುದ್ರೆ ಆಳವಾಗಿ ಬಿದ್ದಿತು.

ಗುರು ಎಂದರೇನು ಎಂಬುದನ್ನು ಪಿ. ಕೆ. ಮರೆಯಲಾರದಂತೆ ಕಂಡದ್ದು 1962ರಲ್ಲಿ, ಇಂಡೊನೇಷ್ಯದ ಜಕಾರ್ತದಲ್ಲಿ. ಅಲ್ಲಿ ನಡೆದ ಏಷ್ಯನ್ ಕ್ರೀಡಾಕೂಟಕ್ಕೆ ಇಸ್ರೇಲ್ ಮತ್ತು ತೈವಾನ್ ದೇಶಗಳ ಆಟಗಾರರು ಬರಲು ಇಂಡೊನೇಷ್ಯ ಅವಕಾಶ ಕೊಡಲಿಲ್ಲ. ಇದನ್ನು ಭಾರತದ ಕ್ರೀಡಾಧಿಕಾರಿ ಜಿ. ಡಿ. ಸೋಂಧಿ ಬಹಿರಂಗವಾಗಿ ಆಕ್ಷೇಪಿಸಿದರು. ಅದರಿಂದ ಕೆರಳಿದ ಜನರ ಸಿಟ್ಟು ಭಾರತದ ಆಟಗಾರರ ಮೇಲೆ ತಿರುಗಿತು. ಭಾರತದ ರಾಯಭಾರ ಕಚೇರಿಯ ಮುಂದೆ ಪ್ರದರ್ಶನಗಳು ನಡೆದವು. ತಾವು ಮಾಡದ ತಪ್ಪಿಗಾಗಿ ಆಟಗಾರರು ಹೋದಲ್ಲೆಲ್ಲ ಹೀಯಾಳಿಕೆಯನ್ನು ಸಹಿಸಬೇಕಾಯಿತು.

ಮೈದಾನದ ಒಳಗೂ ಕಷ್ಟಗಳಿಗೆ ಕೊನೆಯಿರಲಿಲ್ಲ. ಮೊದಲ ಪಂದ್ಯದಲ್ಲಿಯೇ ಭಾರತ ದಕ್ಷಿಣ ಕೊರಿಯಕ್ಕೆ 0–2ರಿಂದ ಸೋತಿತು. ಥೈಲೆಂಡಿನ ಎದುರಿನ ಪಂದ್ಯದಲ್ಲಿ ರಕ್ಷಣೆಯ ಗೋಡೆಯಂತಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಮರು ಧೃತಿಗೆಡಲಿಲ್ಲ. ಗಾಯದ ಕಾರಣ ಹಿಂದೆ ನಿಂತು ಆಡಲು ತೊಡಕಾದ ಜರ್ನೈಲರನ್ನು ಅವರು ಮುನ್ನಡೆಯ ಸಾಲಿಗೆ ತಂದು ನಿಲ್ಲಿಸಿದರು. ರಕ್ಷಕನನ್ನು ಗೋಲು ಹೊಡೆಯಲು ಕಳಿಸುವುದೆಂದರೆ ಕಾವಲುಗಾರನ ಕೈಗೆ ನೇಗಿಲು ಕೊಟ್ಟಂತೆ ಎಂದು ಕಂಡವರು ಅಂದುಕೊಂಡಿರಬಹುದು. ಆದರೆ ಆ ಪ್ರಯೋಗ ಫಲಿಸಿತು. ಭಾರತ ಉಪಾಂತ್ಯ ಪಂದ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು 3–2ರಿಂದ ಸೋಲಿಸಿ ಅಂತಿಮ ಪಂದ್ಯವನ್ನು ಮುಟ್ಟಿತು. ಅಲ್ಲಿ ಎದುರಾದದ್ದು ಅದೇ ದಕ್ಷಿಣ ಕೊರಿಯ.

ಆ ಹೊತ್ತಿಗಾಗಲೇ ರಹೀಮರ ಶ್ವಾಸಕೋಶವನ್ನು ಅರ್ಬುದ ರೋಗ ಕೊರೆಯುತ್ತಿತ್ತು. ಅಂತಿಮ ಪಂದ್ಯಕ್ಕೆ ಮುನ್ನ ಅವರು ಆಟಗಾರರನ್ನು ಕೂಡಿಸಿಕೊಂಡು, ನಾಳೆ ಚಿನ್ನವನ್ನು ಗೆದ್ದು ತಮಗೆ ಉಡುಗೊರೆಯಾಗಿ ಕೊಡಬೇಕೆಂದು ಕೇಳಿಕೊಂಡರೆಂದು ತಂಡದವರು ಮುಂದೆ ಅನೇಕ ಬಾರಿ ನೆನೆದಿದ್ದಾರೆ. ವ್ಯೂಹದ ನಕ್ಷೆಗಳನ್ನೆಲ್ಲ ಹೇಳಿ ಮುಗಿಸಿದ್ದ ಗುರು ಕೊನೆಗೆ ಆಡಿದ ಆ ಒಂದು ಮಾತು ಹುಡುಗರ ಎದೆಯಲ್ಲಿ ನಾಟಿತು.

1962ರ ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಪ್ರೇಕ್ಷಕರು ಸೇರಿದ್ದ ಕ್ರೀಡಾಂಗಣದಲ್ಲಿ ಭಾರತದ ಪರವಾಗಿ ಎದ್ದ ದನಿಗಳು ಬೆರಳೆಣಿಕೆಯಷ್ಟು. ಹಾಕಿಯಲ್ಲಿ ಭಾರತದ ಕಡು ಎದುರಾಳಿಗಳಾದ ಪಾಕಿಸ್ತಾನದ ಆಟಗಾರರು ಅಂದು ಭಾರತಕ್ಕಾಗಿ ಕೂಗಿ ಹುರಿದುಂಬಿಸಿದ್ದನ್ನು ಪಿ. ಕೆ. ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು. ಜ್ವರದಿಂದ ಚೇತರಿಸಿಕೊಂಡಿದ್ದ ಪೀಟರ್ ತಂಗರಾಜ್ ಗೋಲನ್ನು ಕಾಯಲು ನಿಂತರು. ನಾಯಕ ಚುನಿ ಗೋಸ್ವಾಮಿ. ಮುನ್ನಡೆಯಲ್ಲಿ ತುಳಸಿದಾಸ್ ಬಲರಾಮ್, ಪಿ. ಕೆ., ಮತ್ತು ತಲೆಗೆ ಪಟ್ಟಿ ಕಟ್ಟಿಕೊಂಡ ಜರ್ನೈಲ್ ಸಿಂಗ್. ಹದಿನೇಳನೆಯ ನಿಮಿಷದಲ್ಲಿ ಪಿ. ಕೆ. ಅವರ ಕಾಲಿನಿಂದ ಹೊರಟ ಚೆಂಡು ಬಲೆಯೊಳಗಿತ್ತು. ಮೂರು ನಿಮಿಷಗಳ ಅನಂತರ ಜರ್ನೈಲ್ ಎರಡನೆಯ ಗೋಲು ಹೊಡೆದರು. ಕೊನೆಯ ಹಂತದಲ್ಲಿ ಕೊರಿಯ ಒಂದು ಗೋಲನ್ನು ಹಿಂದಿರುಗಿಸಿತಾದರೂ ಭಾರತದ ಕೋಟೆ ಒಡೆಯಲಿಲ್ಲ. 2–1ರಿಂದ ಚಿನ್ನ ಭಾರತದ ಪಾಲಾಯಿತು. ಶಿಷ್ಯರು ಗುರುವಿಗೆ ಕೇಳಿದ ಉಡುಗೊರೆಯನ್ನು ಕೊಟ್ಟರು. ಮರುವರ್ಷ, 1963ರ ಜೂನಿನಲ್ಲಿ, ರಹೀಮರು ತೀರಿಕೊಂಡರು. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತ ಅದಾದ ಮೇಲೆ ಮತ್ತೆ ಚಿನ್ನವನ್ನು ಕಂಡಿಲ್ಲ.

ಕಾಲ ಯಾರನ್ನೂ ಕಾಯುವುದಿಲ್ಲ. ಪದೇ ಪದೇ ಕಾಡಿದ ಗಾಯಗಳಿಂದಾಗಿ 1967ರಲ್ಲಿ ಪಿ. ಕೆ. ಆಟದಿಂದ ನಿವೃತ್ತರಾದರು. ಆಗ ಅವರಿಗೆ ಮೂವತ್ತೊಂದು ವಯಸ್ಸು. ಕೀರ್ತಿಯಿತ್ತು, ರೈಲ್ವೆಯ ನೌಕರಿಯಿತ್ತು. ಹಳೆಯ ಗೆಲುವುಗಳ ಕಥೆ ಹೇಳಿಕೊಂಡು ನೆಮ್ಮದಿಯಾಗಿ ಇದ್ದುಬಿಡಬಹುದಿತ್ತು. ಅವರು ಮತ್ತೆ ವಿದ್ಯಾರ್ಥಿಯಾದರು. 1969ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಜಪಾನಿನಲ್ಲಿ ನಡೆಸಿದ ತರಬೇತುದಾರರ ಶಿಬಿರಕ್ಕೆ ಹೋಗಿ, ಜರ್ಮನಿಯ ಡೆಟ್ಮಾರ್ ಕ್ರಾಮರ್ ಅವರಲ್ಲಿ ಪಾಠ ಹೇಳಿಸಿಕೊಂಡರು. ಆಡಬಲ್ಲವನೆಲ್ಲ ಕಲಿಸಬಲ್ಲವನಲ್ಲ ಎಂಬ ಸತ್ಯವನ್ನು ಅವರು ಅರಿತಿದ್ದರು. ಆಡುವವನಿಗೆ ತನ್ನ ಕಾಲು ತಿಳಿದಿದ್ದರೆ ಸಾಕು. ಕಲಿಸುವವನಿಗೆ ಹನ್ನೊಂದು ಮಂದಿಯ ಕಾಲೂ ಮನಸ್ಸೂ ತಿಳಿದಿರಬೇಕು.

ಮರುವರ್ಷವೇ ಫಲ ಕಂಡಿತು. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಜಿ. ಎಂ. ಎಚ್. ಬಾಷಾ ಅವರೊಂದಿಗೆ ಪಿ. ಕೆ. ಭಾರತ ತಂಡಕ್ಕೆ ತರಬೇತುದಾರರಾಗಿದ್ದರು. ಭಾರತ ಜಪಾನನ್ನು ಸೋಲಿಸಿ ಕಂಚಿನ ಪದಕವನ್ನು ಗೆದ್ದಿತು.

1972ರಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಅವರನ್ನು ತರಬೇತಿಗೆ ಕರೆಯಿತು. ಆಟಗಾರನಾಗಿ ಯಾವ ಅಂಗಿಯನ್ನು ತೊಟ್ಟಿರಲಿಲ್ಲವೋ ಆ ಅಂಗಿಯ ತಂಡಕ್ಕೆ ಅವರು ಗುರುವಾಗಿ ಹೋದರು. ಹುಡುಗರಿಗೆ ಅವರು ‘ಪ್ರದೀಪ್‌ದಾ’, ಎಂದರೆ ಪ್ರದೀಪಣ್ಣ. ಪಂದ್ಯಕ್ಕೆ ಮುನ್ನ ಉಡುಪು ಬದಲಿಸುವ ಕೋಣೆಯಲ್ಲಿ ಅವರು ಆಡುತ್ತಿದ್ದ ಮಾತುಗಳು ಕಲ್ಕತ್ತೆಯಲ್ಲೆಲ್ಲ ಹೆಸರಾದವು. ಪತ್ರಿಕೆಗಳು ಅದಕ್ಕೆ ‘ವೋಕಲ್ ಟಾನಿಕ್’ ಎಂದು ಹೆಸರಿಟ್ಟವು. ಮಾತಿನ ಮದ್ದು ಎಂದು ಅದರ ಅರ್ಥ. ಒಬ್ಬನಿಗೆ ಮನೆಯ ನೆನಪು, ಇನ್ನೊಬ್ಬನಿಗೆ ಸ್ವಾಭಿಮಾನದ ಚುಚ್ಚು, ಮತ್ತೊಬ್ಬನಿಗೆ ಮೆಚ್ಚುಗೆಯ ಒಂದು ನುಡಿ – ಯಾರ ಮನಸ್ಸಿನ ಬೀಗಕ್ಕೆ ಯಾವ ಕೀಲಿಯೆಂದು ಅವರಿಗೆ ತಿಳಿದಿತ್ತು. ಜಕಾರ್ತದಲ್ಲಿ ರಹೀಮರು ಹೊತ್ತಿಸಿದ ದೀಪದಿಂದಲೇ ಅವರು ತಮ್ಮ ಹಣತೆಯನ್ನು ಹಚ್ಚಿಕೊಂಡಿದ್ದರು.

ಆದರೆ ಬರಿಯ ಮಾತಿನಿಂದ ಗೋಲಾಗುವುದಿಲ್ಲ. ಮಾತಿನ ಹಿಂದೆ ಬೆವರಿನ ದುಡಿಮೆಯಿತ್ತು. ಇದಕ್ಕೆ ಸುಭಾಷ್ ಭೌಮಿಕ್ ಅವರ ಪ್ರಸಂಗವೇ ಸಾಕ್ಷಿ. ಭೌಮಿಕ್ 1970ರ ಕಂಚಿನ ತಂಡದಲ್ಲಿದ್ದ ಬಲಶಾಲಿ ಆಟಗಾರ. ಕೆಲವೇ ವರ್ಷಗಳಲ್ಲಿ ಮೈಭಾರ ಹೆಚ್ಚಿ, ವೇಗ ಕುಂದಿ, ಅವರ ಕಾಲ ಮುಗಿಯಿತೆಂದು ಜನ ಆಡಿಕೊಳ್ಳತೊಡಗಿದರು. 1973ರಲ್ಲಿ ಮೋಹನ್ ಬಾಗಾನನ್ನು ಬಿಟ್ಟು ಬಂದ ಅವರನ್ನು ಪಿ. ಕೆ. ಈಸ್ಟ್ ಬೆಂಗಾಲಿಗೆ ಬರಮಾಡಿಕೊಂಡರು. ಕಠಿಣವಾದ ವ್ಯಾಯಾಮ, ಓಟ, ಅಭ್ಯಾಸ. ಕರುಣೆಗೆ ಅಲ್ಲಿ ಎಡೆಯಿರಲಿಲ್ಲ. ಕೆಲವೇ ತಿಂಗಳಲ್ಲಿ ಮುಗಿದುಹೋದವನೆನಿಸಿಕೊಂಡಿದ್ದ ಆಟಗಾರ ಎದುರಾಳಿಗಳ ನಿದ್ದೆ ಕೆಡಿಸುವವನಾದನು. ಎಲ್ಲರೂ ಕೈಬಿಟ್ಟ ವಿದ್ಯಾರ್ಥಿಯನ್ನು ಕೈಹಿಡಿದು ಎತ್ತುವುದೇ ಗುರುವಿನ ನಿಜವಾದ ಪರೀಕ್ಷೆ.

ಈಸ್ಟ್ ಬೆಂಗಾಲ್ 1970ರಿಂದ 1975ರವರೆಗೆ ಸತತವಾಗಿ ಆರು ವರ್ಷ ಕಲ್ಕತ್ತಾ ಲೀಗನ್ನು ಗೆದ್ದಿತು. ಅವುಗಳಲ್ಲಿ ಕೊನೆಯ ನಾಲ್ಕು ಪಿ. ಕೆ. ಅವರ ಕಾಲದವು. 1975ರ ಐ. ಎಫ್. ಎ. ಷೀಲ್ಡ್ ಅಂತಿಮ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ತನ್ನ ಬದ್ಧ ಎದುರಾಳಿ ಮೋಹನ್ ಬಾಗಾನನ್ನು 5–0ರಿಂದ ಸೋಲಿಸಿತು. ಆ ಸೋಲಿನ ನೋವು ಮೋಹನ್ ಬಾಗಾನಿನ ಅಭಿಮಾನಿಗಳನ್ನು ತಲೆಮಾರುಗಳ ಕಾಲ ಕಾಡಿತು.

ಮರುವರ್ಷ ನಡೆದದ್ದು ಇನ್ನೂ ಸೋಜಿಗ. ಮೋಹನ್ ಬಾಗಾನ್ ಕ್ಲಬ್ಬು, ತನ್ನನ್ನು ಹಾಗೆ ಸೋಲಿಸಿದ ಗುರುವನ್ನೇ ತನ್ನ ಗುರುವಾಗಿ ಕರೆತಂದಿತು. ಹಲವು ವರ್ಷಗಳಿಂದ ಈಸ್ಟ್ ಬೆಂಗಾಲನ್ನು ಗೆಲ್ಲಲಾಗದೆ ಕುಗ್ಗಿದ್ದ ತಂಡ ಅದು. 1976ರ ಲೀಗ್ ಪಂದ್ಯ ಆರಂಭವಾಗಿ ಹದಿನೇಳು ಸೆಕೆಂಡುಗಳಾಗುವಷ್ಟರಲ್ಲಿ ಮೊಹಮ್ಮದ್ ಅಕ್ಬರ್ ಗೋಲು ಹೊಡೆದರು. ಮೋಹನ್ ಬಾಗಾನ್ ಗೆದ್ದಿತು. ಆದರೆ ದಾರಿ ನೇರವಾಗಿರಲಿಲ್ಲ. 1977ರ ಲೀಗಿನಲ್ಲಿ ಮೋಹನ್ ಬಾಗಾನ್ ಮತ್ತೆ ಈಸ್ಟ್ ಬೆಂಗಾಲಿಗೆ ಸೋತಿತು. ಅಭಿಮಾನಿಗಳ ಮುನಿಸು ಆಟಗಾರರ ಮೇಲೂ ತರಬೇತುದಾರರ ಮೇಲೂ ತಿರುಗಿತು. ಅಂಥ ಹೊತ್ತಿನಲ್ಲಿಯೇ ಜಗದ್ವಿಖ್ಯಾತ ಆಟಗಾರ ಪೆಲೆ ಕಲ್ಕತ್ತೆಗೆ ಬಂದರು.

ಪೆಲೆ ಆಗ ನ್ಯೂಯಾರ್ಕಿನ ಕಾಸ್ಮಾಸ್ ತಂಡದಲ್ಲಿದ್ದರು. 1977ರ ಸೆಪ್ಟೆಂಬರ್ 24ರಂದು ಈಡನ್ ಗಾರ್ಡನ್ಸ್ ಮೈದಾನದಲ್ಲಿ ಮೋಹನ್ ಬಾಗಾನ್ ಆ ತಂಡವನ್ನು ಎದುರಿಸಬೇಕಾಗಿತ್ತು. ಮಳೆಗಾಲದ ನೀರಿನಿಂದ ಮೈದಾನ ಕೆಸರಾಗಿತ್ತು. ಪೆಲೆಯ ಆಟವನ್ನು ಬೆರಗಿನಿಂದ ನೋಡುತ್ತ ನಿಂತರೆ ತಾವು ಆಡುವುದನ್ನೇ ಮರೆಯುವ ಅಪಾಯವಿತ್ತು. ಪೆಲೆಯನ್ನು ನೆರಳಿನಂತೆ ಹಿಂಬಾಲಿಸುವ ಕೆಲಸವನ್ನು ಪಿ. ಕೆ. ಗೌತಮ್ ಸರ್ಕಾರರಿಗೆ ವಹಿಸಿದರು. ಗೌತಮ್ ಅದನ್ನು ಎಷ್ಟು ಚೆನ್ನಾಗಿ ನಿರ್ವಹಿಸಿದರೆಂದರೆ ಪೆಲೆಗೆ ಅಂದು ಗೋಲು ಹೊಡೆಯಲಾಗಲಿಲ್ಲ. ಶ್ಯಾಮ್ ಥಾಪಾ ಮತ್ತು ಮೊಹಮ್ಮದ್ ಹಬೀಬ್ ಅವರ ಗೋಲುಗಳಿಂದ ಮೋಹನ್ ಬಾಗಾನ್ ಒಂದು ಹಂತದಲ್ಲಿ ಮುಂದಿತ್ತು. ಕೊನೆಗೆ ಪಂದ್ಯ 2–2ರಲ್ಲಿ ಸಮವಾಯಿತು. ನಾಲ್ಕೇ ದಿನಗಳಲ್ಲಿ ಷೀಲ್ಡ್ ಅಂತಿಮ ಪಂದ್ಯ ಬಂದಿತು. ಪೆಲೆಯ ತಂಡಕ್ಕೇ ಅಂಜದವರು ಈಸ್ಟ್ ಬೆಂಗಾಲಿಗೆ ಅಂಜುವರೇ? ಮೋಹನ್ ಬಾಗಾನ್ 1–0ರಿಂದ ಗೆದ್ದಿತು. ಅದೇ ಋತುವಿನಲ್ಲಿ ಷೀಲ್ಡ್, ಡ್ಯುರಾಂಡ್, ರೋವರ್ಸ್ ಎಂಬ ದೇಶದ ಮೂರು ದೊಡ್ಡ ಪ್ರಶಸ್ತಿಗಳೂ ಅದರ ಪಾಲಾದವು.

ಪಿ. ಕೆ. ಅವರ ಬಾಳಿನಲ್ಲಿ ಗೆಲುವುಗಳೇ ತುಂಬಿದ್ದವೆಂದು ಹೇಳಿದರೆ ಅದು ಅರ್ಧಸತ್ಯವಾಗುತ್ತದೆ. ಭಾರತ ತಂಡದ ತರಬೇತುದಾರರಾಗಿ ಅವರು ತಮ್ಮ ಗುರುವಿನ ಸಾಧನೆಯನ್ನು ಮುಟ್ಟಲಾಗಲಿಲ್ಲ. 1982ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡ ಗುಂಪಿನ ಹಂತದಲ್ಲಿ ಒಂದು ಪಂದ್ಯವನ್ನೂ ಸೋಲದೆ ಮುಂದೆ ಸಾಗಿತು. ಆದರೆ ಕ್ವಾರ್ಟರ್ ಫೈನಲ್ ಪಂದ್ಯದಲ್ಲಿ, ಆಟ ಮುಗಿಯಲು ಕೆಲವೇ ಕ್ಷಣಗಳಿರುವಾಗ ಸೌದಿ ಅರೇಬಿಯ ಹೊಡೆದ ಒಂದೇ ಗೋಲಿನಿಂದ ಅವರ ಕನಸು ಒಡೆಯಿತು. ಅಷ್ಟು ಹೊತ್ತಿಗೆ ಏಷ್ಯದ ಇತರ ದೇಶಗಳು ಫುಟ್‌ಬಾಲಿನಲ್ಲಿ ಬಹಳ ಮುಂದೆ ಹೋಗಿದ್ದವು. ಒಬ್ಬ ಗುರುವಿನ ಮಾತು ಒಂದು ತಂಡವನ್ನು ಎಬ್ಬಿಸಬಹುದು; ಒಂದು ದೇಶದ ಆಟವನ್ನು ಮೇಲೆತ್ತಲು ಬಾಲ್ಯದಿಂದಲೇ ಶಿಕ್ಷಣ ಬೇಕು, ಮೈದಾನಗಳು ಬೇಕು, ವರ್ಷಗಳ ಸಹನೆ ಬೇಕು.

ಆ ಕೆಲಸಕ್ಕೂ ಅವರು ಹೆಗಲು ಕೊಟ್ಟರು. ಹುಡುಗರನ್ನು ಎಳೆಯ ವಯಸ್ಸಿನಲ್ಲಿಯೇ ಆರಿಸಿ ತರಬೇತಿ ನೀಡಲು 1987ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾ ಫುಟ್‌ಬಾಲ್ ಅಕಾಡೆಮಿ ಆರಂಭವಾಗಿತ್ತು. 1991ರಿಂದ 1997ರವರೆಗೆ ಪಿ. ಕೆ. ಅದರ ತಾಂತ್ರಿಕ ನಿರ್ದೇಶಕರಾಗಿದ್ದರು. ತಾವು ಶಾಲಾಬಾಲಕನಾಗಿ ಚೆಂಡು ಒದೆದ ಊರಿನಲ್ಲಿಯೇ ಅವರು ಮತ್ತೊಂದು ತಲೆಮಾರಿನ ಬಾಲಕರಿಗೆ ಚೆಂಡು ಒದೆಯುವುದನ್ನು ಕಲಿಸಿದರು.

ಅರವತ್ತು ದಾಟಿದ ಮೇಲೂ ಅವರ ಮಾತಿನ ಮದ್ದು ಸತ್ವಗುಂದಿರಲಿಲ್ಲ. 1997ರ ಜುಲೈ 13ರಂದು ಫೆಡರೇಷನ್ ಕಪ್ ಉಪಾಂತ್ಯ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ಎದುರುಬದುರಾದವು. ಕಲ್ಕತ್ತೆಯ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಅಂದು ಸೇರಿದವರು 1,31,000ಕ್ಕೂ ಹೆಚ್ಚು ಮಂದಿ. ಮೋಹನ್ ಬಾಗಾನಿನ ತರಬೇತುದಾರ ಅಮಲ್ ದತ್ತ ಆಟಗಾರರನ್ನು ವಜ್ರಾಕೃತಿಯಲ್ಲಿ ನಿಲ್ಲಿಸುವ ಹೊಸ ವ್ಯೂಹದಿಂದ ಆ ವರ್ಷ ಎಲ್ಲರನ್ನೂ ಬೆರಗುಗೊಳಿಸಿದ್ದರು. ಪಂದ್ಯಕ್ಕೆ ಮುನ್ನ ಆ ಪಾಳೆಯದಿಂದ ಈಸ್ಟ್ ಬೆಂಗಾಲಿನ ಆಟಗಾರರನ್ನು ಕುರಿತು ಹಗುರವಾದ ಮಾತುಗಳು ಬಂದವು. ಪಿ. ಕೆ. ಅದಕ್ಕೆ ಪ್ರತಿಯಾಗಿ ಜಗಳವಾಡಲಿಲ್ಲ. ಆ ಮಾತುಗಳನ್ನೇ ತಮ್ಮ ಹುಡುಗರ ಕಿಚ್ಚಿಗೆ ಸೌದೆಯಾಗಿಸಿದರು. ಸಿಕ್ಕಿಮಿನ ತರುಣ ಬೈಚುಂಗ್ ಭುಟಿಯಾ ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು.

ಗೌರವಗಳು ಅವರನ್ನು ಹುಡುಕಿಕೊಂಡು ಬಂದವು. 1990ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ನೀಡಿತು. 2004ರಲ್ಲಿ ಫಿಫಾ ತನ್ನ ಶತಮಾನೋತ್ಸವದ ಸಂದರ್ಭದಲ್ಲಿ ವಿಶೇಷ ಗೌರವವನ್ನು ಸಲ್ಲಿಸಿತು. ಆದರೆ ಗುರುವಿಗೆ ಶಿಷ್ಯನ ಏಳಿಗೆಗಿಂತ ಹಿರಿದಾದ ಪ್ರಶಸ್ತಿ ಯಾವುದು? ಅವರು ಕೈಹಿಡಿದು ಎತ್ತಿದ ಸುಭಾಷ್ ಭೌಮಿಕ್ ತಾವೂ ತರಬೇತುದಾರರಾದರು. 2003ರಲ್ಲಿ ಭೌಮಿಕರ ಮಾರ್ಗದರ್ಶನದಲ್ಲಿ ಈಸ್ಟ್ ಬೆಂಗಾಲ್ ತಂಡ ವಿದೇಶದ ನೆಲದಲ್ಲಿ ಆಸಿಯಾನ್ ಕ್ಲಬ್ ಪ್ರಶಸ್ತಿಯನ್ನು ಗೆದ್ದಿತು. ಗೆದ್ದದ್ದು ಎಲ್ಲಿ? ಜಕಾರ್ತದಲ್ಲಿ! ರಹೀಮರು ತಮ್ಮ ಶಿಷ್ಯರಿಂದ ಚಿನ್ನವನ್ನು ಬೇಡಿದ ಅದೇ ನಗರದಲ್ಲಿ, ನಲವತ್ತೊಂದು ವರ್ಷಗಳ ಅನಂತರ, ಅವರ ಶಿಷ್ಯನ ಶಿಷ್ಯ ಭಾರತಕ್ಕೆ ಗೆಲುವನ್ನು ತಂದನು.

2020ರ ಮಾರ್ಚ್ 20ರಂದು ಕಲ್ಕತ್ತೆಯಲ್ಲಿ ಪಿ. ಕೆ. ಬ್ಯಾನರ್ಜಿ ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮದಿನವಾದ ಜೂನ್ 23ನ್ನು ಎಳೆಯರ ಫುಟ್‌ಬಾಲಿಗೆ ಮೀಸಲಾದ ದಿನವಾಗಿ ಆಚರಿಸಲು ಅದೇ ವರ್ಷ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ತೀರ್ಮಾನಿಸಿತು. ಇದಕ್ಕಿಂತ ತಕ್ಕ ಸ್ಮಾರಕ ಅವರಿಗೆ ಇನ್ನೊಂದಿರಲಾರದು. ಆಟಗಾರನ ಕಾಲಿನ ಬಲ ಅವನೊಡನೆಯೇ ಮುಪ್ಪಾಗುತ್ತದೆ. ಅವನು ಕಲಿಸಿದ ವಿದ್ಯೆಗೆ ಮುಪ್ಪಿಲ್ಲ. ಅದು ಒಂದು ಕಾಲಿನಿಂದ ಮತ್ತೊಂದು ಕಾಲಿಗೆ ಚೆಂಡು ಸಾಗುವಂತೆ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ.

ಅಭ್ಯಾಸ

ಪದಗಳ ಅರ್ಥ

ಪಕ್ವ – ಹಣ್ಣಾದ, ಮಾಗಿದ. ಧಾರೆಯೆರೆ – ಮನಸಾರೆ ದಾನವಾಗಿ ಕೊಡು. ಆತಿಥೇಯ – ಅತಿಥಿಗಳನ್ನು ಬರಮಾಡಿಕೊಳ್ಳುವವ. ಉಪಾಂತ್ಯ – ಕೊನೆಯದಕ್ಕೆ ಹಿಂದಿನ. ಚಪಲ – ತೀರದ ಆಸೆ. ಧೃತಿಗೆಡು – ಧೈರ್ಯ ಕಳೆದುಕೊಳ್ಳು. ಅರ್ಬುದ – ಕ್ಯಾನ್ಸರ್. ವ್ಯೂಹ – ಆಟಗಾರರನ್ನು ಅಥವಾ ಸೈನ್ಯವನ್ನು ನಿಲ್ಲಿಸುವ ಕ್ರಮ. ಸೋಜಿಗ – ಆಶ್ಚರ್ಯ.

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.

1. ಪಿ. ಕೆ. ಬ್ಯಾನರ್ಜಿ ಎಲ್ಲಿ, ಯಾವಾಗ ಹುಟ್ಟಿದರು?
2. ಅರ್ಜುನ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ ಯಾರು?
3. ‘ವೋಕಲ್ ಟಾನಿಕ್’ ಎಂದರೇನು?
4. ಕಾಸ್ಮಾಸ್ ತಂಡದ ಎದುರು ಗೌತಮ್ ಸರ್ಕಾರರಿಗೆ ವಹಿಸಿದ ಕೆಲಸ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.

1. ಆಟಗಾರರಿಗೆ ಬಾರದ್ದನ್ನು ಕಲಿಸಲು ರಹೀಮರು ಯಾವ ಕ್ರಮಗಳನ್ನು ಅನುಸರಿಸಿದರು?
2. ಜಕಾರ್ತದಲ್ಲಿ ಭಾರತ ತಂಡ ಎದುರಿಸಿದ ಕಷ್ಟಗಳಾವುವು?
3. ಸುಭಾಷ್ ಭೌಮಿಕ್ ಅವರ ಪ್ರಸಂಗದಿಂದ ಪಿ. ಕೆ. ಅವರ ಯಾವ ಗುಣ ವ್ಯಕ್ತವಾಗುತ್ತದೆ?
4. ಒಂದು ದೇಶದ ಆಟ ಮೇಲೇಳಲು ಏನೇನು ಬೇಕೆಂದು ಪಾಠದಲ್ಲಿ ಹೇಳಿದೆ? ನಿಮ್ಮ ಶಾಲೆಯ ಮಟ್ಟಿಗೆ ಇದನ್ನು ಅನ್ವಯಿಸಿ ಬರೆಯಿರಿ.

ಇ) ಸಂದರ್ಭ ಸೂಚಿಸಿ ವಿವರಿಸಿರಿ.

1. “ಆಡಬಲ್ಲವನೆಲ್ಲ ಕಲಿಸಬಲ್ಲವನಲ್ಲ.”
2. “ಶಿಷ್ಯರು ಗುರುವಿಗೆ ಕೇಳಿದ ಉಡುಗೊರೆಯನ್ನು ಕೊಟ್ಟರು.”
3. “ಆ ಮಾತುಗಳನ್ನೇ ತಮ್ಮ ಹುಡುಗರ ಕಿಚ್ಚಿಗೆ ಸೌದೆಯಾಗಿಸಿದರು.”

ಈ) ಭಾಷಾಭ್ಯಾಸ

1. ಬಿಡಿಸಿ, ಸಂಧಿಯ ಹೆಸರನ್ನು ತಿಳಿಸಿರಿ: ಅತ್ಯುನ್ನತ, ಸ್ವಾತಂತ್ರ್ಯೋತ್ತರ, ಮಳೆಗಾಲ, ಕ್ರೀಡಾಂಗಣ.
2. ಸ್ವಂತ ವಾಕ್ಯದಲ್ಲಿ ಬಳಸಿರಿ: ಹೆಗಲು ಕೊಡು, ಕೈಬಿಡು, ನಿದ್ದೆ ಕೆಡಿಸು, ಬೆರಳೆಣಿಕೆ.